ಮಳೆ ಲೆಕ್ಕದ ಆ್ಯಪ್: ಆರನೆಯ ವಾರದ ಟಿಪ್ಪಣಿ

ಕಾಫಿ ತೋಟದ ಮಳೆಮಾಪಕದಲ್ಲಿ ದಿನವೂ ಬೆಳಿಗ್ಗೆ ಎಂಟೂವರೆಗೆ ಕಂಡದ್ದನ್ನು ಅಪ್ಪ ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ) ಡೈರಿಗೆ ಬರೆಯುತ್ತಾರೆ. ಅದನ್ನು ಫೋನಿನಲ್ಲಿ ದಾಖಲಿಸಿ, ಇಂಚಿಗೆ 25.4ರಂತೆ ಮಿಲಿಮೀಟರಿಗೆ ಬದಲಿಸಿ, ತಿಂಗಳ ಮೊತ್ತ ತೋರಿಸುವ ಆ್ಯಪ್ ಮಾಡುವುದು ನನ್ನ ಬಿಡುವಿನ ಕೆಲಸ. ಮೊದಲ ಮೂರು ವಾರ ಒಮ್ಮೆ ಬರೆದದ್ದರಿಂದಲೇ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡಿಕೊಡುವ, ಹಣ ಕೊಟ್ಟು ಪಡೆಯುವ ಕ್ರಾಸ್ ಪ್ಲಾಟ್‌ಫಾರ್ಮ್ ಟೂಲ್ ಒಂದರ ಪ್ರಯೋಗಾವಧಿಯಲ್ಲಿ ಕಳೆದವು. ನಂತರದ ಎರಡು ವಾರ ಎಲ್ಲವನ್ನೂ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆಯಾದ ಕೋಟ್ಲಿನ್‌ನಲ್ಲಿ ಹೊಸದಾಗಿ ಬರೆದೆ.

ಆ ಟೂಲ್‌ನಲ್ಲಿ ನಮೂನೆ, ಪಟ್ಟಿ, ಮೊತ್ತ ಎಲ್ಲವೂ ಎರಡೇ ದಿನಗಳಲ್ಲಿ ಸಿದ್ಧವಾದವು ಎಂಬುದನ್ನು ಒಪ್ಪಲೇಬೇಕು. ಕೋಟ್ಲಿನ್‌ನಲ್ಲಿ ಅಷ್ಟಕ್ಕೇ ಒಂದು ವಾರ ಹಿಡಿಯಿತು. ಆದರೆ ಟೂಲ್‌ನ ವಾರ್ಷಿಕ ಶುಲ್ಕ ಕೊಟ್ಟರೂ ಐಫೋನಿನ ಆವೃತ್ತಿಗೆ ಮ್ಯಾಕ್ ಕಂಪ್ಯೂಟರ್ ಬೇಕು, ಆ್ಯಪ್ ಸ್ಟೋರಿಗೆ ಹಾಕಲು ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಬೇರೆ ಕಟ್ಟಬೇಕು. ನಮ್ಮಲ್ಲಿ ಐಫೋನ್ ಇರುವುದು ಬೆಂಗಳೂರಿನ ಭಾವನ ಬಳಿ ಮಾತ್ರ. ಅವರ ಬಳಿ ಮಳೆಮಾಪಕವಿಲ್ಲ.

ನಿಜವಾಗಿ ಸಿಕ್ಕಿಕೊಂಡದ್ದು ಮಳೆಯ ಅಳತೆ ನೋಡಲು ಅಪ್ಪನಿಗೆ ನೆನಪಿಸುವ ಎಂಟೂವರೆಯ ಜ್ಞಾಪನೆಯಲ್ಲಿ. ನಿಖರ ಸಮಯದ ಅಲಾರಂಗೆ ಆಂಡ್ರಾಯ್ಡ್ 12ರಿಂದ ಪ್ರತ್ಯೇಕ ಅನುಮತಿ ಬೇಕು, ಸೂಚನೆ ತೋರಿಸಲು 13ರಿಂದ ಬಳಕೆದಾರರನ್ನೇ ಕೇಳಬೇಕು. ಟೂಲ್‌ನ ಅಲಾರಂ ಘಟಕ ಈ ಬದಲಾವಣೆಗಳಿಗೆ ಹೊಂದಿಕೊಂಡಿರಲಿಲ್ಲ, ಅದರ ಒಳಗನ್ನು ತಿದ್ದುವ ಅವಕಾಶ ನನಗಿರಲಿಲ್ಲ. ಕೋಟ್ಲಿನ್‌ನಲ್ಲಿ ಅದೇ ಕೆಲಸಕ್ಕೆ ಕೂತಾಗ, ಹತ್ತು ನಿಮಿಷ ಆಚೀಚೆಯಾದರೂ ಅಪ್ಪನಿಗೆ ತೊಂದರೆಯಿಲ್ಲವೆಂದೂ, ನಿಖರವಲ್ಲದ ಅಲಾರಂಗೆ ಆ ಅನುಮತಿಯೇ ಬೇಡವೆಂದೂ ತಿಳಿಯಿತು.

ಟೂಲ್‌ಗೆ ಶುಲ್ಕ ಕೊಡುವುದೆಂದರೆ ಆಂಡ್ರಾಯ್ಡ್‌ನ ಪ್ರತಿವರ್ಷದ ಬದಲಾವಣೆಗಳ ಬೆನ್ನು ಹತ್ತುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದು. ಎರಡೂ ಬಗೆಯ ಫೋನುಗಳಿಗೆ ಗ್ರಾಹಕರ ಆ್ಯಪ್‌ಗಳನ್ನು ಒಬ್ಬರೇ ಮಾಡಿಕೊಡುವವರಿಗೆ ಅದು ದುಬಾರಿಯಲ್ಲ. ಆದರೆ ವಹಿಸಿಕೊಂಡವರ ದಾರಿ ಬದಲಾದರೆ ನಾವೂ ಬದಲಾಗಬೇಕು: ಜಾವಾ ಭಾಷೆಯಲ್ಲಿ ಐಫೋನ್ ಆ್ಯಪ್ ಬರೆಯಲು ನೆರವಾಗುತ್ತಿದ್ದ ರೋಬೋವಿಎಂ ಎಂಬ ಟೂಲನ್ನು 2015ರಲ್ಲಿ ಕೊಂಡ ಝಾಮರಿನ್ ಕಂಪನಿ, 2016ರಲ್ಲಿ ತಾನೇ ಮೈಕ್ರೋಸಾಫ್ಟ್ ಪಾಲಾಯಿತು, ರೋಬೋವಿಎಂ ಅದೇ ವರ್ಷ ನಿಂತಿತು, ಝಾಮರಿನ್ ಹೆಸರಿನ ಟೂಲ್‌ಗೆ ಬೆಂಬಲ 2024ರ ಮೇ 1ಕ್ಕೆ ಮುಗಿಯಿತು. ಅಪ್ಪನ ಡೈರಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.

ಮೊನ್ನೆ ಕರೆಂಟಿಲ್ಲದೆ ಅಪ್ಪನ ಫೋನ್ ಆಫ್ ಆಗಿತ್ತು. ಮರುದಿನ ಜ್ಞಾಪನೆ ಬರಲಿಲ್ಲ. ಫೋನ್ ಆಫ್ ಆದಾಗ ಅಲಾರಂಗಳು ಅಳಿಸಿಹೋಗುತ್ತವೆ, ಆನ್ ಆದೊಡನೆ ಆ್ಯಪ್ ಅವನ್ನು ಮತ್ತೆ ಇಡಬೇಕು. ಈ ವಾರ ಅದನ್ನು ಬರೆಯುತ್ತಿದ್ದೇನೆ.