ಬೆಳಕಿಗೇ ಬ್ರೇಕ್ ಹಾಕಿದ ಆಟ

ಅಣ್ಣನ ಮಗಳು ಬಿಎಸ್‌ಸಿ ಓದುತ್ತಿದ್ದಾಳೆ. ವೇಗಕ್ಕೆ ತಕ್ಕಂತೆ ಸಮಯ, ದೂರ ಬದಲಾಗುತ್ತವೆ ಅನ್ನುವ ಐನ್‌ಸ್ಟೈನ್‌ನ ಸಾಪೇಕ್ಷತೆಯ ಲೆಕ್ಕ ಕೊಟ್ಟರೆ ಸರಸರ ಬಿಡಿಸುತ್ತಾಳೆ. ಮೊನ್ನೆ ಭಾನುವಾರ ಮನೆಗೆ ಬಂದಾಗ ‘ಎ ಸ್ಲೋವರ್ ಸ್ಪೀಡ್ ಆಫ್ ಲೈಟ್’ ಹಾಕಿ ಲ್ಯಾಪ್‌ಟಾಪ್ ಅವಳ ಮುಂದಿಟ್ಟೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗೇಮ್ ಲ್ಯಾಬ್ 2012ರಲ್ಲಿ ಹೊರತಂದ ಆಟ. ಪುಕ್ಕಟೆ ಸಿಗುತ್ತದೆ.

ನಿಯಮ ಸುಲಭ. ಹೊಳೆಯುವ 100 ಗೋಲಗಳನ್ನು ಆರಿಸಬೇಕು. ಒಂದೊಂದು ಸಿಕ್ಕಾಗಲೂ ಬೆಳಕಿನ ವೇಗ ಇಳಿಯುತ್ತದೆ. ನಿಜದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ಸಾಪೇಕ್ಷತೆಯ ಪರಿಣಾಮ ಕಣ್ಣಿಗೆ ಬೀಳುವುದು ಆ ವೇಗದ ಹತ್ತಿರ ಓಡಿದಾಗ. ಅದರ ಹತ್ತಿರಕ್ಕೂ ನಾವು ಹೋಗಲಾರೆವು, ಹಾಗಾಗಿ ಸಾಪೇಕ್ಷತೆ ಪುಸ್ತಕದಲ್ಲೇ ಉಳಿದುಬಿಡುತ್ತದೆ. ನಾವು ಓಡಲಾಗದಿದ್ದರೇನು, ಬೆಳಕನ್ನೇ ನಡೆಸೋಣ ಅಂತ ಲ್ಯಾಬಿನವರು ಹೊರಟಿದ್ದಾರೆ. ಎಂಥಾ ತಲೆ, ಅಲ್ವಾ?

ಶುರುವಿನಲ್ಲಿ ಏನೂ ಅನ್ನಿಸುವುದಿಲ್ಲ. ಗೋಲಗಳು ಜಾಸ್ತಿಯಾದ ಹಾಗೆ ಮಜಾ. ಮುಂದೆ ಹೋಗುವ ಕೀ ಒತ್ತಿದಳು. ಎದುರಿಗಿದ್ದದ್ದೆಲ್ಲ ಸರ್ರನೆ ದೂರ ಸರಿಯಿತು.

“ಚಿಕ್ಕಪ್ಪ, ಕೀ ಉಲ್ಟಾ ಇದೆ!”

ಕೀ ಸರಿಯಾಗೇ ಇತ್ತು. ವೇಗ ಹೆಚ್ಚಿದಾಗ ಅಕ್ಕಪಕ್ಕದ ಬೆಳಕೂ ಮುಂದಿನಿಂದಲೇ ಬಂದಂತೆ ಕಣ್ಣಿಗೆ ಬೀಳುತ್ತದೆ. ಎಲ್ಲ ಮುಂದೆ ಬಂದು ಒತ್ತರಿಸುವುದರಿಂದ ಎದುರಿನದು ಕುಗ್ಗಿ ದೂರ ಹೋದಂತೆ ಕಾಣುತ್ತದೆ. ಇದರ ಸೂತ್ರ ಅವಳಿಗೆ ಬಾಯಿಪಾಠ! ಎರಡು ನಿಮಿಷ ಬಿಟ್ಟು ತಾನೇ ಹಣೆ ಚಚ್ಚಿಕೊಂಡಳು. ಆಮೇಲೆ ಸುಮ್ನೆ ಹಿಂದೆ ಮುಂದೆ ಓಡಾಡಿದಳು. ಮುಂದಕ್ಕೆ ನುಗ್ಗಿದರೆ ಎದುರಿನದೆಲ್ಲ ಝಗ್ಗನೆ ಬೆಳಗಿ ನೀಲಿಯತ್ತ ಜಾರುತ್ತದೆ, ಹಿಂದಕ್ಕೆ ಸರಿದರೆ ಮಂಕಾಗಿ ಕೆಂಪಿನತ್ತ. ಬರಿಗಣ್ಣಿಗೆ ಕಾಣದ ಅವಕೆಂಪು, ನೇರಳಾತೀತ ಕಿರಣಗಳೂ ಬಣ್ಣವಾಗಿ ಕಾಣತೊಡಗುತ್ತವೆ.

ಆಟ ಅಂತ ನೋಡಿದರೆ ಸಪ್ಪೆ. ಶತ್ರು ಇಲ್ಲ, ಪೈಪೋಟಿ ಇಲ್ಲ. ನನಗಂತೂ ತಲೆ ತಿರುಗಿತು. ಆದರೆ ಇದನ್ನು ಮಾಡಿದವರು ಬಳಸಿದ ಕೋಡನ್ನು ‘ಓಪನ್ ರಿಲೇಟಿವಿಟಿ’ ಅಂತ ಎಲ್ಲರಿಗೂ ಬಿಟ್ಟುಕೊಟ್ಟರು. ಆಟ ಕಟ್ಟುವ ಸಾಫ್ಟ್‌ವೇರ್ ಯೂನಿಟಿ ಗೊತ್ತಿದ್ದವರು ಅದರ ಮೇಲೆ ತಮ್ಮದೇ ಆಟ ಕಟ್ಟಬಹುದು. ವಿಶ್ವವಿದ್ಯಾಲಯದ ಆಟ ಅಂದರೆ ಹೀಗಿರಬೇಕು, ಇನ್ನೊಬ್ಬರು ಬಿಚ್ಚಿ ನೋಡುವಂತೆ.

ನೂರೂ ಗೋಲ ಮುಗಿದ ಮೇಲೆ, ಓಡಿದ ನಿನಗೆ ಕಳೆದ ಸಮಯ ಇಷ್ಟು, ನಿಂತವರಿಗೆ ಅಷ್ಟು ಅಂತ ಆಟ ವ್ಯತ್ಯಾಸ ತೋರಿಸಿತು. ಇವಳು ಪೆನ್ನು ಹುಡುಕಿದಳು.

“ವೇಗ ಬದಲಾಗ್ತಾನೇ ಇತ್ತು ಚಿಕ್ಕಪ್ಪ, ಒಂದೇ ಸೂತ್ರಕ್ಕೆ ಹಾಕಿದ್ರೆ ಆಗಲ್ಲ. ಇವ್ರು ಹೇಗೆ ಕೂಡಿಸಿದಾರೆ?”

ಊಟಕ್ಕೆ ಕರೆದರೂ ಏಳಲಿಲ್ಲ. ಆ ಕೋಡ್ ಇಳಿಸಿಕೊಳ್ಳುತ್ತಿದ್ದಳು.