ಗಂಗರಾಜನ ಮನೆಮಂದಿ ಚಿಕ್ಕಬೆಟ್ಟದ ಮೇಲಿದ್ದಾರೆ

ಶ್ರವಣಬೆಳಗೊಳಕ್ಕೆ ಬಂದವರು ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಕೆಳಗಿಳಿದು ಎಳನೀರು ಕುಡಿದು ಚನ್ನರಾಯಪಟ್ಟಣದ ಬಸ್ಸು ಹತ್ತಿಬಿಡುತ್ತಾರೆ. ಎದುರಿಗಿನ ಚಿಕ್ಕಬೆಟ್ಟ ಹಾಗೇ ಉಳಿಯುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಬದುಕು ತಿಳಿಯಬೇಕಾದರೆ ಹತ್ತಬೇಕಾದದ್ದು ಅದನ್ನೇ. ‘ತಲಕಾಡು ಗೆದ್ದ ಸೇನಾಪತಿ’ ಎಂದು ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ಮನುಷ್ಯನ ತಾಯಿ, ಹೆಂಡತಿ, ಗುರು ಎಲ್ಲರೂ ಅಲ್ಲಿ ಕಲ್ಲಿನಲ್ಲಿದ್ದಾರೆ.

ಅದೇ ಕಾಲಕ್ಕೆ, ಹೆಚ್ಚುಕಡಿಮೆ 1119ರಲ್ಲಿ, ದೂರದ ಜೆರುಸಲೇಮಿನಲ್ಲಿ ಹ್ಯೂ ದ ಪಾಯೆನ್ ಎಂಬ ದಳಪತಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಗಡ ಕಟ್ಟುತ್ತಿದ್ದ. ಧರ್ಮಕ್ಕಾಗಿ ಕತ್ತಿ ಹಿಡಿಯುವವನು ಸಂಸಾರ ಬಿಡಬೇಕು, ಸ್ವಂತ ಆಸ್ತಿ ಇಟ್ಟುಕೊಳ್ಳಬಾರದು ಎನ್ನುವುದು ಅವರ ವ್ರತ. ನಮ್ಮ ದಂಡನಾಯಕನದು ಪೂರಾ ಉಲ್ಟಾ. ಅವನ ಧರ್ಮ ಮನೆಯ ಹೆಂಗಸರ ಜೊತೆಜೊತೆಗೇ ನಡೆದದ್ದು.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳಿ. ಗಂಗರಾಜ ಗಂಗವಂಶದ ರಾಜನಲ್ಲ. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ಮಂತ್ರಿ. ಗಂಗರಾಜ ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಈಚಿನವನು, ಹೊಯ್ಸಳರ ದಂಡನಾಯಕ. ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ, ಮಗ ಬೊಪ್ಪ. ಗೊಂದಲ ಹುಟ್ಟುವ ಜಾಗ ಗೊಮ್ಮಟನ ಪಾದದ ಹತ್ತಿರವೇ. ಅಲ್ಲಿ ಎರಡು ಬಗೆಯ ಸಾಲುಗಳಿವೆ: ಮೂರ್ತಿಯನ್ನು ಚಾವುಂಡರಾಯ ಮಾಡಿಸಿದ ಎನ್ನುವುದು ಒಂದು, ಸುತ್ತಾಲಯವನ್ನು ಗಂಗರಾಜ ಮಾಡಿಸಿದ ಎನ್ನುವುದು ಇನ್ನೊಂದು. ಎರಡೂ ಕನ್ನಡದಲ್ಲಿವೆ, ಮರಾಠಿಯಲ್ಲೂ ಇವೆ. ಒಂದರ ಪಕ್ಕ ಒಂದು ಇರುವುದರಿಂದ ಒಟ್ಟಿಗೇ ಕೆತ್ತಿದವು ಎಂದು ಹೇಳಿಬಿಡುವವರಿದ್ದಾರೆ. ಮೂರ್ತಿಯ ಸುತ್ತಲಿನ ಆವರಣ ಮಾತ್ರ ಗಂಗರಾಜನದು. ಮೂರ್ತಿ ಅದಕ್ಕೂ ಹಿಂದೆ ಬಯಲಲ್ಲಿ ನಿಂತಿತ್ತು.

ಚಿಕ್ಕಬೆಟ್ಟದಲ್ಲಿ ಮೊದಲು ಕತ್ತಲೆ ಬಸದಿ ನೋಡಿ. ಗಂಗರಾಜ ತಾಯಿಗಾಗಿ ಕಟ್ಟಿಸಿದ್ದು, ಒಳಗೆ ಆದಿನಾಥ. ಗರ್ಭಗುಡಿಯ ಸುತ್ತ ಪ್ರದಕ್ಷಿಣಾಪಥ ಇರುವುದು ಈ ಬೆಟ್ಟದ ಬಸದಿಗಳಲ್ಲಿ ಇದೊಂದಕ್ಕೇ. ಕತ್ತಲೆಗೆ ಕಾರಣವೂ ಅದೇ: ಎರಡು ಗೋಡೆಗಳ ನಡುವೆ ದಾರಿ, ಬೆಳಕಿಗೆ ಕಿಟಕಿಯಿಲ್ಲ. ಮೊಬೈಲ್ ಟಾರ್ಚು ಸಾಕಾಗುವುದಿಲ್ಲ, ಒಳ್ಳೆಯ ಬ್ಯಾಟರಿ ಇರಲಿ. ತಾಯಿಯ ಹೆಸರಿರುವುದು ಮೂರ್ತಿಯ ಪೀಠದ ಮೇಲೆ. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಬಂಡೆ ತುಳಿಯಲು ಆಗುವುದಿಲ್ಲ. ಬೆಳಿಗ್ಗೆಯೇ ಹೋಗಿ, ಕಾಲುಚೀಲ ಹಾಕಿಕೊಳ್ಳಿ.

ಆಮೇಲೆ ಶಾಸನ ಬಸದಿ. ಬಾಗಿಲ ಮುಂದಿನ ಶಾಸನದಿಂದಲೇ ಅದಕ್ಕೆ ಆ ಹೆಸರು. ಇಂದಿರಾಕುಲಗೃಹ ಎಂಬುದು ಗಂಗರಾಜ ಇಟ್ಟ ಹೆಸರು. ಈ ಒಂದು ಕಲ್ಲಿಗೆ ಅರ್ಧ ಗಂಟೆ ಕೊಟ್ಟರೂ ನಷ್ಟವಿಲ್ಲ. ಮೇಲಿನಿಂದ ಅಕ್ಷರ ಅಕ್ಷರ ಓದಲು ಕೂತರೆ ಸೋಲುತ್ತೀರಿ. ಶುರುವಿನ ‘ಶ್ರೀಮತ್ಪರಮಗಂಭೀರಸ್ಯಾದ್ವಾದಾಮೋಘಲಾಂಛನಂ’ ಎಷ್ಟೋ ಜೈನ ಶಾಸನಗಳಲ್ಲಿ ಬರುವ ಮಂಗಲ ಶ್ಲೋಕ, ಅದನ್ನು ದಾಟಿ. ನಂತರ ರಾಜನ ಬಿರುದುಗಳು, ಅವನ್ನೂ ದಾಟಿ. ‘ದಂಡನಾಯಕ’ ಸಿಕ್ಕಿದ ಕಡೆ ನಿಂತುಕೊಳ್ಳಿ. ವಿಷ್ಣುವರ್ಧನನ ರಾಜ್ಯಾಭಿಷೇಕಕ್ಕೆ ಪೂರ್ಣಕುಂಭ ಎನ್ನುವ ಬಿರುದು ಇವನದೇ.

ಶಾಸನ ಹೇಳುವ ಸಂಗತಿ ಇದು. ಚಾಲುಕ್ಯ ಚಕ್ರವರ್ತಿ ತ್ರಿಭುವನಮಲ್ಲ ಪೆರ್ಮಾಡಿಯ (ಆರನೆಯ ವಿಕ್ರಮಾದಿತ್ಯನ) ದಂಡು ಹನ್ನೆರಡು ಸಾಮಂತರೊಂದಿಗೆ ಕಣ್ಣೇಗಾಲದಲ್ಲಿ ಬೀಡುಬಿಟ್ಟಿತ್ತು. ಗಂಗರಾಜ ರಾತ್ರಿ ಎಂದೂ ನೋಡದೆ ಮೇಲೆಬಿದ್ದು ದಂಡನ್ನು ಚದುರಿಸಿದ. ಅವರ ಸಾಮಾನು ಸರಂಜಾಮು, ವಾಹನಗಳನ್ನು ತಂದು ಒಡೆಯನ ಮುಂದಿಟ್ಟ. ‘ಮೆಚ್ಚಿದೆ, ಬೇಕಾದ್ದು ಕೇಳು’ ಎಂದ ದೊರೆ. ಇವನು ಕೇಳಿದ್ದು ಪರಮ ಎಂಬ ಊರು. ಸಿಕ್ಕಿದ ಊರನ್ನು ತಾನಿಟ್ಟುಕೊಳ್ಳಲಿಲ್ಲ. ತಾಯಿಯೂ ಹೆಂಡತಿಯೂ ಕಟ್ಟಿಸಿದ್ದ ಜಿನಾಲಯಗಳ ಪೂಜೆಗೆ ಬಿಟ್ಟುಕೊಟ್ಟ. ಯುದ್ಧದ ಗಳಿಕೆ ಬಸದಿಯ ಲೆಕ್ಕಕ್ಕೆ ಹೋದ ದಾರಿ ಇಷ್ಟು ಬಿಡಿಸಿ ಹೇಳಿರುವುದು ಅಪರೂಪ.

ಇಸವಿಯಲ್ಲೂ ಎಡವುವವರಿದ್ದಾರೆ. ಶಾಸನದ ಕಾಲ ಶಕ 1039, ಹೇಮಲಂಬಿ ಸಂವತ್ಸರ, ಫಾಲ್ಗುಣ ಶುದ್ಧ. 78 ಕೂಡಿದರೆ 1117 ಬರುತ್ತದೆ, ಹಾಗೇ ಬರೆದುಬಿಡುತ್ತಾರೆ. ಆದರೆ ಫಾಲ್ಗುಣ ಬರುವ ಹೊತ್ತಿಗೆ ಜನವರಿ ದಾಟಿರುತ್ತದಲ್ಲ, 79 ಕೂಡಬೇಕು: 1118. ಅಂದಹಾಗೆ, 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕ ನಡೆದದ್ದೂ ಹೇಮಲಂಬಿಯ ಫಾಲ್ಗುಣದಲ್ಲೇ. ಅರವತ್ತರ ಚಕ್ರ ಹದಿನೈದು ಸುತ್ತು ತಿರುಗಿ ಅಲ್ಲಿಗೇ ಬಂದಿತ್ತು.

ಹೆಂಡತಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. ಮುಂದೆ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಮೆಟ್ಟಿಲ ಸಾಲು ಇರುವುದರಿಂದ ಆ ಹೆಸರು. ಅಲ್ಲೂ ಆದಿನಾಥ, ಅಲ್ಲೂ ಪೀಠದ ಮೇಲೇ ಲಕ್ಷ್ಮಿಯ ಹೆಸರು. ಪಕ್ಕದಲ್ಲಿರುವ ಸವತಿಗಂಧವಾರಣ ಬಸದಿ ರಾಣಿ ಶಾಂತಲೆಯದು, 1123ರದು. ಗೈಡುಗಳು ಅದರ ಕತೆಯನ್ನೇ ಹೇಳುತ್ತಾರೆ, ಇಲ್ಲಿ ಬೇಡ.

1120ರ ಆಸುಪಾಸಿನಲ್ಲಿ ಈ ಮನೆಗೆ ಸಾವಿನ ಮೇಲೆ ಸಾವು. ತಾಯಿ ಪೋಚಿಕಬ್ಬೆ ಸಲ್ಲೇಖನದಿಂದ, ಅಂದರೆ ಉಪವಾಸ ವ್ರತ ಹಿಡಿದು, ದೇಹ ಬಿಟ್ಟಳು. ಲಕ್ಷ್ಮಿಯೂ ಅದೇ ದಾರಿ ಹಿಡಿದಳು. 1123ರಲ್ಲಿ ಗುರು ಶುಭಚಂದ್ರ ಸಿದ್ಧಾಂತದೇವರು. ಮೂವರಿಗೂ ನಿಸಿಧಿ, ಅಂದರೆ ಸಾವಿನ ನೆನಪಿನ ಕಲ್ಲು, ನಿಲ್ಲಿಸಿದವನು ಗಂಗರಾಜ. ತಿಗುಳರನ್ನು, ಅಂದರೆ ಚೋಳರ ಕಡೆಯ ತಮಿಳರನ್ನು, ಓಡಿಸಿ ಗಂಗವಾಡಿಯನ್ನು ಒಡೆಯನಿಗೆ ಕೊಟ್ಟವನ ಕೈಯಲ್ಲಿ ನಿಂತ ಕಲ್ಲುಗಳಲ್ಲಿ ಇವೂ ಸೇರಿವೆ.

ಬೆಟ್ಟ ಇಳಿದ ಮೇಲೆ ಊರೊಳಗಿನ ಜಕ್ಕಿಕಟ್ಟೆ ನೋಡದೆ ಹೋಗಬೇಡಿ. ಭಂಡಾರಿ ಬಸದಿಯ ದಕ್ಷಿಣಕ್ಕಿರುವ ಸಣ್ಣ ಕೊಳ. ಮಾಡಿಸಿದವಳು ಜಕ್ಕಿಮವ್ವೆ: ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪದೇವನ ತಾಯಿ ಎನ್ನುತ್ತದೆ ಶಾಸನ. ಗಂಗರಾಜನ ಮಗನೂ ಬೊಪ್ಪನೇ ಆದ್ದರಿಂದ ವಂಶವೃಕ್ಷ ಬರೆಯುವವರು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿಬಿಡುತ್ತಾರೆ. ತಂದೆಯ ಹೆಸರು ನೋಡದೆ ಬೊಪ್ಪನನ್ನು ಎಲ್ಲೂ ಕೂರಿಸಬೇಡಿ. ಹಾಗೆಯೇ ಉತ್ತರಕ್ಕಿರುವ ಜಿನನಾಥಪುರ ಗಂಗರಾಜ ಕಟ್ಟಿಸಿದ ಊರು ನಿಜ. ಆದರೆ ಅಲ್ಲಿನ ಕೆತ್ತನೆಯ ಶಾಂತಿನಾಥ ಬಸದಿ ಅವನದಲ್ಲ, ಅದು ರೇಚಿಮಯ್ಯನೆಂಬ ದಂಡನಾಯಕನದು, ಬಹಳ ಈಚಿನದು.

ಕೊನೆಯ ಕಲ್ಲು ಇರುವುದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರ ಗುಡಿಯಿಂದ ದಕ್ಷಿಣಕ್ಕೆ ನಡೆದುಹೋಗುವಷ್ಟು ದೂರದಲ್ಲಿ ಬಸದಿಹಳ್ಳಿ, ಅಲ್ಲಿ ಪಾರ್ಶ್ವನಾಥ ಬಸದಿ. ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ಅಪ್ಪನ ನೆನಪಿಗೆ ಕಟ್ಟಿಸಿದ್ದು. ಅಪ್ಪನ ಬಿರುದನ್ನೇ ಇಟ್ಟು ದ್ರೋಹಘರಟ್ಟ ಜಿನಾಲಯ ಎಂದ. ದ್ರೋಹಿಗಳಿಗೆ ಬೀಸುವ ಕಲ್ಲು ಎಂದರ್ಥ. ಕಡೆದು ನಯಗೊಳಿಸಿದ ಕಂಬಗಳಲ್ಲಿ ಮುಖ ಕಾಣುತ್ತದೆ ಎಂದು ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಅಲ್ಲಿನ ಶಾಸನ ಅದಕ್ಕಿಂತ ಚೆಂದ. ಗಂಗರಾಜನ ಲೆಕ್ಕದ ಏಳು ನರಕಗಳು ಅದರಲ್ಲಿವೆ: ಸುಳ್ಳಾಡುವುದು, ಯುದ್ಧದಲ್ಲಿ ಅಂಜುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಒಪ್ಪಿಸಿಬಿಡುವುದು, ಬೇಡಿದವರನ್ನು ಬರಿಗೈಲಿ ಕಳಿಸುವುದು, ನಂಬಿದವರನ್ನು ತೊರೆಯುವುದು, ಒಡೆಯನಿಗೆ ಎರಡು ಬಗೆಯುವುದು.

ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ಬಂಕಾಪುರಕ್ಕೆ ಹೋದಾಗ ವಿಷ್ಣುವರ್ಧನ ಆಗತಾನೆ ಮಸಣ ಎಂಬ ಶತ್ರುವನ್ನು ಗೆದ್ದಿದ್ದ, ಮನೆಯಲ್ಲಿ ಗಂಡುಮಗು ಹುಟ್ಟಿತ್ತು. ದೊರೆ ಎದ್ದು ಕೈಮುಗಿದು ಗಂಧೋದಕ, ಶೇಷೆ ತೆಗೆದುಕೊಂಡ. ದೇವರಿಗೆ ವಿಜಯಪಾರ್ಶ್ವ ಎಂದು ಹೆಸರು ಕೊಟ್ಟ, ಮಗುವಿಗೆ ವಿಜಯನಾರಸಿಂಹ ಎಂದು.