ಅಜ್ಜಯ್ಯನಿಗೆ ಹೊತ್ತ ಹರಕೆ

ನನ್ನ ಮಗ ಗೇ. ಅವನು ಅದನ್ನು ಹೇಳಿದ್ದು 2019ರಲ್ಲಿ, ದಾವಣಗೆರೆಯ ನಮ್ಮ ಮನೆಯಲ್ಲಿ ಅವನಿಗೆ ಹೆಣ್ಣು ನೋಡುವ ಮಾತು ನಡೆದಾಗ. ನಾನು ರೊಟ್ಟಿ ತಟ್ಟುತ್ತಿದ್ದೆ. "ಅವ್ವ, ಯಾವ ಹುಡುಗಿಗೂ ಮೋಸ ಮಾಡೋಕೆ ನನ್ನಿಂದ ಆಗಲ್ಲ" ಅಂದ. ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟು, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಾಗ ನಾನು ಟಿವಿ ಚಾನೆಲ್ ಬದಲಿಸಿದ್ದೆ. ಅವನು ಪಕ್ಕದಲ್ಲೇ ಕೂತಿದ್ದ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮೊದಲನೆಯವರು ಸರಿ ಮಾಡ್ತೀನಿ ಅಂತ ಎಂಟು ಸಲ ಕರೆಸಿಕೊಂಡರು, ಪ್ರತಿ ಸಲ ಬಂದಾಗಲೂ ಹುಡುಗ ಇನ್ನಷ್ಟು ಮಂಕಾಗಿರುತ್ತಿದ್ದ. ಇಂಥ ಚಿಕಿತ್ಸೆ ವೈದ್ಯರು ಮಾಡುವ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ನಮ್ಮ ಪಾಲಿಗೆ ಆಗಲೇ ತಡವಾಗಿತ್ತು. ಎರಡನೆಯವರು, ಇದು ಕಾಯಿಲೆ ಅಲ್ಲಮ್ಮ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪಟ್ಟಿಯಿಂದ ತೆಗೆದಿದೆ ಅಂದರು. ನನಗೆ ಸಮಾಧಾನ ಆಗಲಿಲ್ಲ, ನಿರಾಸೆ ಆಯಿತು. ಕಾಯಿಲೆ ಆಗಿದ್ದರೆ ಔಷಧಿ ಇರುತ್ತಿತ್ತಲ್ವಾ!

ಆಮೇಲೆ ದೇವರೇ ಗತಿ ಅಂದುಕೊಂಡೆ. ಕರಿಬಸವೇಶ್ವರ ಅಜ್ಜಯ್ಯನ ಉಕ್ಕಡಗಾತ್ರಿ ಕ್ಷೇತ್ರಕ್ಕೆ ಐದು ಅಮಾವಾಸ್ಯೆ ಹೋದೆ, ತುಂಗಭದ್ರೆಯಲ್ಲಿ ಮುಳುಗಿ ಬಂದು ಒದ್ದೆ ಸೀರೆಯಲ್ಲೇ ನಿಂತು, ಮಗ ಸರಿಹೋದರೆ ಬೆಳ್ಳಿ ಒಪ್ಪಿಸ್ತೀನಿ ಅಂತ ಅಜ್ಜಯ್ಯನಿಗೆ ಹರಕೆ ಹೊತ್ತೆ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೂ ಅದೇ ಬೇಡಿಕೆ.

ಚಿಕ್ಕಂದಿನಲ್ಲಿ ಅವನೂ ಮೈತುಂಬಾ ವಿಭೂತಿ ಬಳಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಈಗ ಬೆಂಗಳೂರಿನಿಂದ ಬಂದರೆ ದೇವರ ಮನೆಗೆ ಕಾಲಿಡುವುದಿಲ್ಲ. ಒಂದು ದಿನ ಬೈದೆ, ದೇವರೂ ಬೇಡವಾದನೇ ನಿನಗೆ ಅಂತ. ಅವನು ಹೇಳಿದ: "ದಿನಾ ನೀನು ದೇವರ ಹತ್ತಿರ ನನ್ನ ಮೇಲೆ ದೂರು ಹೇಳ್ತೀಯ. ನಾನು ಹೇಗೆ ಅವನ ಮುಂದೆ ಕೂರಲಿ ಅವ್ವ?"

ಆ ರಾತ್ರಿ ನಿದ್ದೆ ಬರಲಿಲ್ಲ. ಮಗನನ್ನು ದೇವರಿಂದ ದೂರ ಮಾಡಿದ್ದು ಅವನ ಸ್ವಭಾವ ಅಲ್ಲ, ನನ್ನ ಪ್ರಾರ್ಥನೆ.

ಎಲ್ಲ ಒಪ್ಪಿಬಿಟ್ಟೆ ಅಂತ ಸುಳ್ಳು ಹೇಳಲಾರೆ. ಅಕ್ಕಪಕ್ಕದ ಮನೆಯ ಲಗ್ನಪತ್ರಿಕೆ ಬಂದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ. ಅವರಪ್ಪ ಅವನ ಹತ್ತಿರ ಮಳೆ-ಬೆಳೆ ಬಿಟ್ಟು ಬೇರೆ ಮಾತಾಡುವುದಿಲ್ಲ. ಆದರೆ 2023ರ ಅಕ್ಟೋಬರ್‌ನಲ್ಲಿ ಇಂಥವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದಾಗ ಟಿವಿ ಆರಿಸಲಿಲ್ಲ, ಕೊನೆವರೆಗೂ ನೋಡಿದೆ, ಅಳು ಬಂತು. ಅವನ ಜೊತೆಗಿರುವ ಹುಡುಗನನ್ನು ನಾನಿನ್ನೂ ನೋಡಿಲ್ಲ, ಆದರೂ ಇಬ್ಬರಿಗೂ ಸೇರಿಸಿಯೇ ಅತ್ತೆ.

ಕಳೆದ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ ಬೆಳ್ಳಿ ಒಪ್ಪಿಸಿ ಬಂದೆ. ಹರಕೆ ತೀರಿತು ಅಂತಲ್ಲ. ಆ ಬೇಡಿಕೆ ವಾಪಸ್ ತಗೊಂಡಿದ್ದೀನಿ ತಂದೆ ಅಂತ ಹೇಳೋಕೆ. ಈಗ ಪೂಜೆಯಲ್ಲಿ ಅವನ ಹೆಸರು ಹೇಳ್ತೀನಿ ಅಷ್ಟೇ, ಏನೂ ಕೇಳಲ್ಲ. ಅವನ ಇಷ್ಟಲಿಂಗದ ಕರಡಿಗೆ ಉಜ್ಜಿ, ಹೊಸ ಶಿವದಾರ ಹಾಕಿ ಜಗುಲಿ ಮೇಲೆ ಇಟ್ಟಿದ್ದೇನೆ. ಬೇಕು ಅನಿಸಿದಾಗ ತಗೊಳ್ಳಲಿ. ಬೇಡ ಅಂದರೂ ನಾನು ಬೈಯಲ್ಲ.